ಹೆಸರು ಹೇಳದ ಕಮಿಟಿ

ಕಷ್ಟದ ಪ್ರಕರಣಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಚರ್ಚಿಸಲು ತಿಪಟೂರಿನ ಆಸ್ಪತ್ರೆಯೊಂದು ಎಥಿಕ್ಸ್ ಕಮಿಟಿ ಮಾಡಿ, ನಿವೃತ್ತ ಮೇಷ್ಟರಾದ ನನ್ನನ್ನೂ ಸೇರಿಸಿಕೊಂಡಿತ್ತು. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವುದಿಲ್ಲವೆಂದು ಸಹಿ ಹಾಕಿದ್ದೆ.

ಒಂದು ಸಲ ಹೆಸರು, ಊರು ಹೇಳದೆ ಒಬ್ಬ ರೋಗಿಯ ವಿಷಯ ತಂದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ಕೊಳೆಯುತ್ತಿದೆ, ತೆಗೆಯದಿದ್ದರೆ ಪ್ರಾಣಕ್ಕೇ ಅಪಾಯ. ರೋಗಿ ಒಪ್ಪುತ್ತಿಲ್ಲ, ಮಗ ಮಾತ್ರ ಬಲವಂತವಾಗಿಯಾದರೂ ಮಾಡಿ ಅನ್ನುತ್ತಿದ್ದಾನೆ. ಬಲವಂತ ಬೇಡ, ಪಕ್ಕದಲ್ಲಿ ಕೂತು ಅವರ ಭಯವೇನೆಂದು ಕೇಳಿ ಎಂದೆವು.

ತಿಂಗಳಾದ ಮೇಲೆ ಹುಳಿಯಾರು ಬಸ್ಸಿನಲ್ಲಿ, ಕಾಲಿಗೆ ಪಟ್ಟಿ ಕಟ್ಟಿಕೊಂಡ ಹಿರಿಯರೊಬ್ಬರು ನನ್ನ ಪಕ್ಕ ಕೂತರು.

"ನನಗೋಸ್ಕರ ಕಮಿಟೀನೇ ಕೂತಿತ್ತು ಕಣ್ರೀ!" ಎಂದು ಬಸ್ಸಿಗೆಲ್ಲ ಕೇಳುವಂತೆ ಶುರು ಮಾಡಿದರು. "ಆಮೇಲೆ ಡಾಕ್ಟ್ರಮ್ಮ ಬಂದು, ಏನು ಭಯ ಯಜಮಾನ್ರೇ ಅಂದ್ರು. ತೋಟಕ್ಕೆ ನಡ್ಕೊಂಡು ಹೋಗಾಕಾಗಲ್ವಲ್ಲವ್ವ ಅಂದೆ. ನಡೀಬೋದು ಅಂದ್ರು. ಹಂಗಾದ್ರೆ ತೆಗೀರಿ ಬುಡಿ ಅಂದೆ."

ಅವರನ್ನು ತಬ್ಬಿಕೊಳ್ಳಬೇಕೆನಿಸಿತು. "ಹೌದಾ?" ಎಂದಷ್ಟೇ ಕೇಳಿದೆ.

"ಹೂಂ. ನಾನು ಒಪ್ದಿದ್ರೆ ಕಮಿಟಿಯೋರೆಲ್ಲ ರಾಜೀನಾಮೆ ಕೊಡ್ತಿದ್ರಂತೆ!"

ಬಸ್ಸೆಲ್ಲ ನಕ್ಕಿತು. ಆ ಸುಳ್ಳನ್ನೂ ತಿದ್ದುವ ಹಾಗಿರಲಿಲ್ಲ.

ಇಳಿಯುವಾಗ ಅವರು ನನ್ನ ಭುಜ ತಟ್ಟಿ, "ಹೆದರೋರು ಯಾರಾದ್ರೂ ಸಿಕ್ಕಿದ್ರೆ ನನ್ ಕಥೆ ಹೇಳ್ರೀ" ಎಂದರು.

ಅದಕ್ಕೇ ಹೇಳಿದ್ದೇನೆ. ಹೆಸರು ಮಾತ್ರ ಕೇಳಬೇಡಿ.