ಗುಂಡಿಯವರ ಮನೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಪೇಪರ್ ಓದಿ ಎದ್ದಿದ್ದೇನೆ. ನಾಚಿಕೆಯ ವಿಷಯ ಬಂದರೆ ನಾಳೆ ನೋಡೋಣ ಎನ್ನುವುದು ನನ್ನ ಹಳೆಯ ಚಾಳಿ.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಮನೆತನಕ್ಕೆ ಗುಂಡಿಯವರು ಎಂದು ಅಡ್ಡಹೆಸರು. ನಾನು ಶಿರಾಳಕೊಪ್ಪದವನು, ಅವನದು ಸೊರಬದ ಕಡೆ, ಉಳವಿ ಹತ್ತಿರದ ಹಳ್ಳಿ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಅದಕ್ಕೆ ಬರೀ ಹಳ್ಳ ತೆಗೆದರೆ ಆಗದು. ಗುಂಡಿಯ ಒಳಗೋಡೆಯಲ್ಲಿ ಕೂರಿಸಲು ಗೂಡು ಕೊರೆಯಬೇಕು, ಮಣ್ಣು ಕುಸಿಯಬಾರದು. ಆ ಕೆಲಸಕ್ಕೆ ಸುತ್ತಲಿನವರೆಲ್ಲ ಅವರ ಮನೆಯವರನ್ನೇ ಕರೆಯುತ್ತಿದ್ದರು. ಈಗ ಜೆಸಿಬಿ ಬಂದು ಹಳ್ಳ ತೆಗೆಯುತ್ತದೆ. ಗೂಡಿಗೆ ಮಾತ್ರ ಅವರೇ ಇಳಿಯಬೇಕು.

ಆ ಹೆಸರಿಗೆ ಇನ್ನೊಂದು ಅರ್ಥವೂ ಇತ್ತು. ಗೆಳೆಯನ ಅಜ್ಜ ಒಂದು ಕಾಲದಲ್ಲಿ ತಿಪ್ಪೆಯ ಪಕ್ಕ ಗುಂಡಿ ಮಾಡಿ ಕಳ್ಳಭಟ್ಟಿಯ ಮಡಕೆ ಹೂತಿಡುತ್ತಿದ್ದನಂತೆ. ಊರಿನವರು ಲಿಂಗ ಕಟ್ಟಿದ ಜನ, ಯಾರೂ ಕುಡಿಯುವವರಲ್ಲ. ಆದರೂ ಮಡಕೆ ಖಾಲಿಯಾಗುತ್ತಿತ್ತು. ಕೇಳಿದರೆ, ಕೆಮ್ಮಿಗೆ ಕಷಾಯ. ಆ ಊರಿಗೆ ಮಳೆಗಾಲ ಬೇಸಿಗೆ ಎನ್ನದೆ ಕೆಮ್ಮು.

ಗೆಳೆಯನ ತಂಗಿಗೆ ಶಿರಾಳಕೊಪ್ಪದ ಒಂದು ಅಂಗಡಿಯವರ ಮನೆಯಿಂದ ಸಂಬಂಧ ಬಂತು. ಹೆಣ್ಣು ನೋಡಿ ಹೋದ ಮೇಲೆ, ಸಂತೆಯ ದಿನ ಹೆಣ್ಣಿನ ಮನೆಯ ಗುರುತಿನವರನ್ನು ಹಿಡಿದು ಚಹಾ ಕುಡಿಸಿ ವಿಚಾರಿಸುವುದು ನಮ್ಮ ಕಡೆಯ ರೂಢಿ. ಹುಡುಗನ ದೊಡ್ಡಪ್ಪ ಚಹಾದ ಹೋಟೆಲಿನಲ್ಲಿ ನನ್ನನ್ನೇ ಹಿಡಿದರು.

“ತಮ್ಮಾ, ಗುಂಡಿಯವ್ರು ಅಂತ ಯಾಕ ಬಂತು ಹೆಸರು?”

ಸುತ್ತಲಿನ ಬೆಂಚಿನವರೂ ನನ್ನ ಕಡೆ ತಿರುಗಿದರು. ನನಗೆ ಅಷ್ಟು ಸಾಕು.

“ಎರಡು ಗುಂಡಿ ಅದಾವ್ರಿ ಅವರದು. ಒಂದರಾಗ ಮಡಕಿ ಇಡ್ತಾರ, ಇನ್ನೊಂದರಾಗ ಕುಡದವರನ್ನ ಇಡ್ತಾರ. ಗಿರಾಕಿ ಬ್ಯಾರೆ ಕಡೆ ಹೋಗೂ ಮಾತ ಇಲ್ಲ.”

ಹೋಟೆಲ್ಲೇ ನಕ್ಕಿತು. ದೊಡ್ಡಪ್ಪನೂ ನಕ್ಕು ನನ್ನ ಬೆನ್ನು ತಟ್ಟಿದರು. ಮುಂದಿನ ಸಂತೆಯೊಳಗೆ, ಸಂಬಂಧ ಬೇಡವೆಂದು ಹೇಳಿ ಕಳಿಸಿದರು.

ಮಾತು ಯಾರದೆಂದು ಗೆಳೆಯನಿಗೆ ಗೊತ್ತಾಯಿತು. “ನಿನ್ನ ನಾಲಿಗೆಗೆ ಒಂದು ಮೂಗುದಾರ ಹಾಕ್ಸೋ ಮಾರಾಯ” ಎಂದು ಬೈದ, ಸ್ವಲ್ಪ ಕಾಲ ಮುಖ ತಿರುಗಿಸಿದ, ಮತ್ತೆ ಬಂದ. ತಂಗಿಗೂ ತಿಳಿಯಿತು. ಹೋಟೆಲಿನಲ್ಲಿ ನಕ್ಕವರು ಆ ಮಾತನ್ನು ಊರೂರಿಗೆ ಒಯ್ದರು. ಆಮೇಲೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಆಕೆ ಹೊಲಿಗೆ ಕಲಿತು ಅಣ್ಣನ ಮನೆಯಲ್ಲೇ ಉಳಿದಳು.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಕರೆಯದೆಯೇ ಅಣ್ಣ ತಂಗಿ ಇಬ್ಬರೂ ಬಂದರು. ಈ ವಯಸ್ಸಿನಲ್ಲೂ ಗೆಳೆಯ ತಾನೇ ಇಳಿದು ಗೂಡು ಕೊರೆದ. ಆಕೆ ಗುಂಡಿಯ ಕೆಲಸದವರಿಗೆಲ್ಲ ಚಹಾ ಹಂಚಿ, ಕೊನೆಗೆ ನನ್ನ ಮುಂದೆ ಲೋಟ ಹಿಡಿದಳು.

“ಬೆಳಗಿಂದ ಏನೂ ತಗೊಂಡಿಲ್ವಂತೆ. ಕುಡೀರಿ ಅಣ್ಣ.”

ಆಗ ಹೇಳಬಹುದಿತ್ತು. ಹತ್ತಿರ ಯಾರೂ ಇರಲಿಲ್ಲ. ನಾನು ಒಂದು ಗುಟುಕು ಕುಡಿದು, “ಸಕ್ಕರಿ ಕಮ್ಮಿ ಆಗೇದಲ್ಲವ್ವ” ಎಂದೆ.

“ನಿಮಗೆ ಶುಗರ್ ಅಲ್ವಾ? ಅತ್ತಿಗೆ ಇದ್ದಾಗ ಹೇಳ್ತಿದ್ರು” ಎಂದು ಲೋಟ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದಳು.

ಗೆಳೆಯನ ಹತ್ತಿರ ತಪ್ಪಾಯಿತು ಎಂದು ಬೇಕಾದಷ್ಟು ಸಲ ಹೇಳಿದ್ದೇನೆ. ಅವನು ನಗುತ್ತಾನೆ, ಅದು ಸುಲಭ. ಒಮ್ಮೆಯೂ ಹೇಳದೆ ಉಳಿದಿರುವುದು ಅವನ ತಂಗಿಗೆ.