ಕಾಮಾಕ್ಷಮ್ಮನ ಕೈಗುಣ

ಅರಕಲಗೂಡಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿತ್ತಿಲಲ್ಲಿ, ಎಲೆಗೆ ಪಾಲಿಶ್ ಹೊಡೆದಂಥ ಗಿಡವೊಂದು ಕುಂಡದಲ್ಲಿತ್ತು. ಪ್ಲಾಸ್ಟಿಕ್ ಗಿಡವೆಂದುಕೊಂಡು ವಾರವಿಡೀ ಅದರ ಮೇಲೆ ಸಾಕ್ಸ್ ಒಣಗಿಸಿದೆ. ತಿಂಗಳ ಕೊನೆಗೆ ಸಂಬಳದ ಜೊತೆ ಬುದ್ಧಿಯೂ ಖಾಲಿಯಾಗುವ ಆಸಾಮಿ ನಾನು.

"ಅದು ಊಟಿ ಗಿಡ ಕಣಪ್ಪ, ಜೀವ ಐತೆ. ನಿನ್ ಸಾಕ್ಸ್ ವಾಸ್ನೆಗೇ ಸತ್ತೋದಾತು!" ಎಂದು ಮನೆಯೊಡತಿ ಕಾಮಾಕ್ಷಮ್ಮ ಉಗಿದ ಮೇಲೆಯೇ ತಿಳಿದದ್ದು, ಅದು ರೋಡೋಡೆಂಡ್ರಾನ್, ಬೆಟ್ಟದ ತಂಪಿನಲ್ಲಿ ವರ್ಷವಿಡೀ ಹಸಿರಾಗಿದ್ದು ಗೊಂಚಲು ಗೊಂಚಲಾಗಿ ಹೂ ಬಿಡುವ ಗಿಡ ಎಂದು.

ಕಾಮಾಕ್ಷಮ್ಮ ಬೀದಿಯಲ್ಲೆಲ್ಲ ಕೈಗುಣಕ್ಕೆ ಹೆಸರಾದ ಹೆಂಗಸು. ಹೊಸದಾಗಿ ಕಡ್ಡಿ ನೆಡುವವರು ಮೊದಲು ಆಕೆಯ ಕೈಯಿಂದ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಯಜಮಾನಿಕೆ ಮಗನಿಗೆ ಹೋಯಿತು, ಅಡುಗೆಮನೆ ಸೊಸೆಗೆ. ಆಕೆಗೆ ಉಳಿದದ್ದು ಈ ಕೈ ಒಂದೇ.

ಸೊಸೆ ಸೌಜನ್ಯ ಊಟಿಯಿಂದ ತಂದದ್ದು ಎರಡು ಗಿಡ. ಒಂದನ್ನು ಅತ್ತೆ ಕಸಿದುಕೊಂಡು ಅಂಗಳದಲ್ಲಿ ನೆಟ್ಟು, ಎಲ್ಲ ಗಿಡಗಳಿಗೂ ಮಾಡುವಂತೆ ಹಂಡೆ ಒಲೆಯ ಬೂದಿ ಹಾಕಿ, ಬೋರ್ ನೀರು ಬಿಟ್ಟರು. ಎಲೆ ಹಳದಿಯಾಗಿ, ಅಂಚು ಸುಟ್ಟು, ಗಿಡ ಕಡ್ಡಿಯಾಯಿತು. ಇನ್ನೊಂದನ್ನು ಸೌಜನ್ಯ ಹಿತ್ತಿಲ ನೆರಳಿನಲ್ಲಿ, ಕೊಳೆತ ತರಗೆಲೆ ತುಂಬಿದ ಕುಂಡದಲ್ಲಿಟ್ಟು, ಡ್ರಮ್ಮಿನಲ್ಲಿ ಹಿಡಿದ ಮಳೆನೀರನ್ನೇ ಹಾಕಿದಳು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಕೆಂಪು ಮೊಗ್ಗು ಬಂತು. ಬೀದಿಯವರು ನೋಡಲು ಬಂದರು.

"ನಿಮ್ದ್ಯಾಕಕ್ಕ ಒಣಗೋಯ್ತು?" ಎಂದಳು ಎದುರುಮನೆ ನೀಲಗಂಗಮ್ಮ.

ಉತ್ತರ ಸೌಜನ್ಯಳಿಂದ ಬಂತು. "ಬೂದಿ ಹಾಕಿದ್ರಲ್ಲ! ಈ ಗಿಡಕ್ಕೆ ಬೂದಿ ಅಂದ್ರೆ ವಿಷ. ಹೇಳಿದ್ರೆ ಅತ್ತೆ ಕೇಳ್ಬೇಕಲ್ಲ."

ನೀಲಗಂಗಮ್ಮ ತಂದಿದ್ದ ಗುಲಾಬಿ ಕಡ್ಡಿಗೆ ಕಾಮಾಕ್ಷಮ್ಮ ಅಭ್ಯಾಸಬಲದಿಂದ ಕೈ ಚಾಚಿದ್ದರು. ಕಡ್ಡಿ ಅವರನ್ನು ದಾಟಿ ಸೊಸೆಯತ್ತ ಹೋಯಿತು.

"ನೀನೇ ಒಂಚೂರು ಮುಟ್ಕೊಡವ್ವ. ಅಕ್ಕಂಗೆ ವಯ್ಸಾತು."

ಕಾಮಾಕ್ಷಮ್ಮ ಚಾಚಿದ ಕೈಯನ್ನು ಸೀರೆಗೆ ಒರೆಸಿಕೊಂಡರು.

ಮರುದಿನದಿಂದ, ಸೌಜನ್ಯ ಕೆಲಸಕ್ಕೆ ಹೊರಟೊಡನೆ, ಅತ್ತೆ ಬೂದಿಯನ್ನು ಜರಡಿ ಹಿಡಿದು, ಬಕೆಟ್ಟಿನಲ್ಲಿ ಕದಡಿ, ಮೇಲಿನ ತಿಳಿಯನ್ನಷ್ಟೇ ಸೊಸೆಯ ಕುಂಡಕ್ಕೆ ಎರೆಯತೊಡಗಿದರು. ತರಗೆಲೆಯನ್ನು ಮತ್ತೆ ಮೊದಲಿನಂತೆಯೇ ಹರಡುತ್ತಿದ್ದರು. ತಮ್ಮ ಜನ್ಮದಲ್ಲಿ ಯಾವ ಗಿಡವನ್ನೂ ಇಷ್ಟು ಜತನದಿಂದ ನೋಡಿಕೊಂಡವರಲ್ಲ. ಮೊಗ್ಗು ಒಂದೊಂದೇ ಕಂದಿ ಉದುರಿದವು.

ಒಂದು ಬೆಳಿಗ್ಗೆ ಟಿಫಿನ್ ಬಾಕ್ಸ್ ಮರೆತು ವಾಪಸು ಬಂದ ಸೌಜನ್ಯ ಬಕೆಟ್ಟು ನೋಡಿಬಿಟ್ಟಳು. ಕಾಂಪೌಂಡಿನಾಚೆ ನೀಲಗಂಗಮ್ಮನೂ ನಿಂತಿದ್ದಳು.

"ನಿಮ್ಮ ಗಿಡ ಇದ್ರಿಂದ್ಲೇ ಹೋಯ್ತು ಅಂತ ಗೊತ್ತಿದ್ದೂ ನನ್ನ ಗಿಡಕ್ಕೆ ಯಾಕತ್ತೆ ಹಾಕ್ತಿದೀರಾ?"

ಕಾಮಾಕ್ಷಮ್ಮ ಬಕೆಟ್ಟಿನಲ್ಲಿ ಉಳಿದದ್ದನ್ನೂ ಕುಂಡಕ್ಕೆ ಬಗ್ಗಿಸಿದರು.

"ಸಾಯ್ಲಿ ಅಂತ ಕಣಮ್ಮಿ."