ಪಿನ್ನು ಕಿತ್ತ ಮುತ್ತುಗದೆಲೆ

ಒಣಗಿದ ಮುತ್ತುಗದ ಎಲೆಗೆ ನೀರು ಚಿಮುಕಿಸಿದರೆ ಒಂದು ವಾಸನೆ ಏಳುತ್ತದೆ. ಮಣ್ಣಿನದೂ ಅಲ್ಲ, ಹಸಿ ಸೊಪ್ಪಿನದೂ ಅಲ್ಲ... ದಿನಾ ಬೆಳಿಗ್ಗೆ ನನ್ನ ಶೆಡ್ಡಿನಲ್ಲಿ ಅದೇ ವಾಸನೆ. ನಿನ್ನೆ ಯಾಕೋ ಅದರ ಜೊತೆ ಎದುರುಮನೆಯ ಅವ್ವನೂ ಬಂದು ಕೂತಂತಾಯಿತು.

ಚನ್ನರಾಯನದುರ್ಗದ ಬೆಟ್ಟದ ಕೆಳಗೆ ನಮ್ಮ ಮನೆಗಳು. ಅವ್ವ ಮುತ್ತುಗದ ಎಲೆ ಬಿಡಿಸಿ ತಂದು, ಒಣಗಿಸಿ, ಬಿದಿರಿನ ಸಣ್ಣ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದಳು. ತುದಿಯ ಚಿಗುರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಗಾರೆ ಕೆಲಸ, ಕಲ್ಲು ಕೆಲಸ, ಯಾವುದಕ್ಕೂ ಮೈ ಬಗ್ಗಿಸಿದವನೇ. ಮದುವೆಯಾದ ಮೇಲೆ ನನಗೂ ಹೆಂಡತಿಗೂ ಎಲೆ ಹಚ್ಚಲು ಕಲಿಸಿದವಳು ಅವಳು.

ಆಮೇಲೊಂದು ಸಲ ಮಧುಗಿರಿಯ ಮದುವೆಮನೆಯವರು ನನ್ನನ್ನೇ ಹುಡುಕಿಕೊಂಡು ಬಂದರು. ಮುನ್ನೂರು ಎಲೆ, ಎರಡು ದಿನ. ನನ್ನ ಹೆಸರಿಗೆ ಬಂದ ಮೊದಲ ಆರ್ಡರ್. ಆಗಲಿ ಅಂದುಬಿಟ್ಟೆ. ಕಡ್ಡಿ ಚುಚ್ಚುತ್ತಾ ಕೂತರೆ ಮುಗಿಯುವ ಕೆಲಸವಲ್ಲ, ಸ್ಟೇಪ್ಲರ್ ತಂದೆ. ಎಲೆಗೆ ಐದು ಪಿನ್ನು, ಟಕ್ ಟಕ್. ಮೊದಲ ದಿನ ಮಧ್ಯಾಹ್ನಕ್ಕೇ ಕಟ್ಟಿನ ಮೇಲೆ ಕಟ್ಟು.

ಅವ್ವ ಬಂದು ಒಂದು ಎಲೆ ಮಗುಚಿ ನೋಡಿದಳು.

“ಲೇ, ಉಂಡ ಎಲೆ ಎಲ್ಲಿಗೋಯ್ತದ್ಲಾ?”

“ತಿಪ್ಪೆಗೆ.”

“ತಿಪ್ಪೇಲಿ ಯಾರು ಮೇಯ್ತಾರೆ? ನೀನಾ?”

ದನ ಎಂದು ಬಾಯಿ ಬಿಟ್ಟು ಹೇಳಲು ನನ್ನ ಜಂಬ ಬಿಡಲಿಲ್ಲ. “ಮಾತು ಕೊಟ್ಬುಟ್ಟಿವ್ನಿ ಕಣವ್ವಾ,” ಅಂದೆ.

“ಮಾತು ಕೊಟ್ಟೋನು ನೀನು, ಪಿನ್ನು ನುಂಗೋದು ದನ. ಭಾರಿ ಬುದ್ವಂತ!”

ಅಷ್ಟು ಹೇಳಿ, ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟಳು. ಕಣ್ಣು ಮಂಜು, ಹೆಬ್ಬೆರಳಿನಲ್ಲಿ ತಡವಿ ಪಿನ್ನು ಕೀಳುತ್ತಿದ್ದಳು. ಐದು ಎಣಿಸದೆ ಮುಂದಿನ ಎಲೆ ಮುಟ್ಟುತ್ತಿರಲಿಲ್ಲ. ಒಂದರಲ್ಲಿ ನಾಲ್ಕೇ ಸಿಕ್ಕವು. ಜಗಲಿಯೆಲ್ಲ ಗುಡಿಸಿ ಹುಡುಕಿದೆವು. ಕೊನೆಗೆ ನನ್ನ ತೊಡೆಗೇ ಚುಚ್ಚಿತು, ಲುಂಗಿಯಲ್ಲಿ ಸಿಕ್ಕಿಕೊಂಡಿತ್ತು. ಅವ್ವ ಬಿದ್ದು ಬಿದ್ದು ನಕ್ಕಳು. “ದನ ಉಳೀತು, ಕೋಣ ಸಿಕ್ಕಾಕ್ಕೊಂತು!”

ಮಾರನೆಯ ದಿನ ಅವ್ವ, ನಾನು, ಹೆಂಡತಿ ಮೂವರೂ ಸೇರಿ ಕಡ್ಡಿಯಲ್ಲೇ ಹಚ್ಚಿದರೂ ಅರವತ್ತು ಎಲೆ ಕಮ್ಮಿ ಬಿದ್ದವು. ಮದುವೆಮನೆಗೆ ಹೋಗಿ ತಲೆ ತಗ್ಗಿಸಿ ನಿಂತು, ನಡೆದದ್ದನ್ನೆಲ್ಲ ಹೇಳಿದೆ. ಜೀವನದಲ್ಲಿ ನನಗೆ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹೆಸರು ಕೆಟ್ಟಿತು ಅಂದುಕೊಂಡೆ.

ಮದುವೆ ಹೆಣ್ಣಿನ ತಂದೆ ಕೇಳಿದ್ದು ಒಂದೇ: “ಎಲ್ಲಾ ಪಿನ್ನೂ ಕಿತ್ತಿದೀಯೇನಯ್ಯಾ?”

“ಐದೈದು ಎಣಿಸವ್ರೆ ಸ್ವಾಮಿ, ನಮ್ಮವ್ವ.”

“ಹಂಗಾದ್ರೆ ಇಳಿಸು. ಮಿಕ್ಕಿದ್ದಕ್ಕೆ ಬಾಳೆಲೆ ಹಾಕಿದ್ರಾಯ್ತು.”

ಅವರ ನೆಂಟರಿಂದಲೇ ಮುಂದಿನ ಆರ್ಡರ್ ಬಂತು...

ಈಗ ಪ್ಲಾಸ್ಟಿಕ್ ತಟ್ಟೆ ಬೇಡ ಅನ್ನುವವರು ಹೆಚ್ಚಾಗಿದ್ದಾರೆ. ಸಿರಾ, ಪಾವಗಡದಿಂದಲೂ ಫೋನು ಬರುತ್ತದೆ. ಶೆಡ್ಡಿನಲ್ಲಿ ನಾಲ್ವರು ಹೆಂಗಸರು ಕಡ್ಡಿಯಲ್ಲೇ ಹಚ್ಚುತ್ತಾರೆ, ಒತ್ತುವ ಮಿಷನ್ನೂ ಇದೆ. ನನ್ನ ದುಡಿಮೆಯ ಬಗ್ಗೆ ನನಗೆ ಹೆಮ್ಮೆಯಿದೆ, ಸುಳ್ಳು ಯಾಕೆ ಹೇಳಲಿ. ಹೋದ ವಾರ ಎಲೆ ಕೊಟ್ಟು ಬರುವಾಗ ಛತ್ರದ ಹಿಂದೆ ದನಗಳು ಉಂಡೆಲೆಯ ರಾಶಿಗೆ ಬಾಯಿ ಹಾಕಿದ್ದವು. ಗಾಡಿ ನಿಲ್ಲಿಸಿ, ಅವು ತಿಂದು ಮುಗಿಸುವವರೆಗೂ ನಿರಾಳವಾಗಿ ನೋಡುತ್ತಾ ನಿಂತೆ.

ಅವ್ವ ತೀರಿಹೋಗಿ ವರ್ಷಗಳಾದವು. ಈಗ ಕೊಳ್ಳುವವರೆಲ್ಲ ಎಲೆಯನ್ನು ಮೇಲಿಂದಲೇ ನೋಡಿ ಚೆನ್ನಾಗಿದೆ ಅನ್ನುತ್ತಾರೆ. ಮಗುಚಿ ನೋಡಿ ಬಯ್ಯುವವರು ಯಾರೂ ಇಲ್ಲ.